ಪಾರ್ಕಿಂಗಿನಲ್ಲಿ ಬೆಟ್ಟ ಹತ್ತಿದವರು

"ಇದು ನಿಮ್ಮ ಪಾರ್ಕಿಂಗ್ ಅಲ್ಲ ಅಂಕಲ್, ಬೆಟ್ಟ ಮಾರಾಯ್ರೆ! ತುದಿ ಮುಟ್ಟುವ ಮೊದಲು ಕಾಲು ಕೆಳಗಿಟ್ರೆ ಸ್ಕಾಟ್ಲೆಂಡ್ ಖಲಾಸ್!" ಎಂದು ಸೈಕಲ್ ಕ್ಲಬ್ಬಿನ ಕ್ಯಾಪ್ಟನ್ ಸುಜಿತ್ ಕಾರಿನ ಕಿಟಕಿಯಿಂದ ಕೂಗಿದ.

ವಿಕ್ಟರ್ ಏದುಸಿರು ಬಿಡುತ್ತ ಪೆಡಲ್ ತುಳಿಯುತ್ತಲೇ ಇದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಅವರಿಗೆ ಕ್ಲಬ್ಬಿನ ತಂಡದ ಜೊತೆ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಐದು ದಿನ ಸೈಕಲ್ ತುಳಿಯುವ ಹುಚ್ಚು. ಆದರೆ ದುಬೈಯಲ್ಲಿ ಏರು ಎಲ್ಲಿಂದ ತರುವುದು? ಅಲ್ ಬರ್ಷಾದ ತಮ್ಮ ಕಟ್ಟಡದ ಆರು ಮಹಡಿಯ ಪಾರ್ಕಿಂಗನ್ನೇ ಎಂಟು ತಿಂಗಳು ಸೈಕಲಿನಲ್ಲಿ ಹತ್ತಿ ಇಳಿದಿದ್ದರು, ವಾಚ್‌ಮನ್‌ನ ಬೈಗುಳವನ್ನೂ ತಿಂದಿದ್ದರು! ಪಾರ್ಕಿಂಗಿನಲ್ಲಿ ಪ್ರತಿ ಮಹಡಿಗೂ ಸಮತಟ್ಟು ಸಿಗುತ್ತದೆ, ಅಲ್ಲಿ ದಣಿವಾರಿಸಿಕೊಳ್ಳಬಹುದು. ದುಬೈಯ ಹೊರಗೆ, ಅಲ್ ಐನಿನ ಈ ಬೆಟ್ಟದಲ್ಲಿ ಅದು ಸಿಗಲೇ ಇಲ್ಲ. ಒಂಬತ್ತನೇ ತಿರುವಿನಲ್ಲಿ ಅವರ ಎಡಗಾಲು ತಾನಾಗಿಯೇ ನೆಲ ಮುಟ್ಟಿತು.

ಸುಜಿತ್ ಕಾರಿಳಿದು ಬಂದ. "ತಂಡದ ಜೆರ್ಸಿ ಕೊಡಿ ಅಂಕಲ್. ನಿಮ್ಮ ಜಾಗಕ್ಕೆ ಫ್ಲಾಯ್ಡ್ ಇದ್ದಾನೆ, ಅವನಿಗೆ ಸೈಜ್ ಆಗ್ತದೆ."

ವಿಕ್ಟರ್ ಕ್ಲಬ್ಬಿನವರೆಲ್ಲರ ಎದುರು ಒದ್ದೆ ಬನಿಯನಿನಲ್ಲಿ ನಿಂತು, ಜೆರ್ಸಿಯನ್ನು ನೀಟಾಗಿ ಮಡಿಸಿ ಕೊಟ್ಟರು. ಫ್ಲಾಯ್ಡ್ ಅದನ್ನು ಮೂಸಿ ಮುಖ ಸಿಂಡರಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಬರುವ ಶುಕ್ರವಾರವೂ ಇಲ್ಲೇ ಪ್ರಾಕ್ಟೀಸ್ ಉಂಟು. ನೀರಿನ ಬಾಟ್ಲಿ ಕೊಡ್ಲಿಕ್ಕೆ ಒಬ್ರು ಬೇಕು. ಬರ್ತೀರಾ?" ಎಂದು ಸುಜಿತ್ ಕೇಳಿದ.

ವಿಕ್ಟರ್ ಬೆಟ್ಟದ ತುದಿಯನ್ನೇ ನೋಡುತ್ತಿದ್ದರು.

"ಬರ್ತೇನೆ," ಎಂದರು. "ಸೈಕಲ್ ಸಹ ತರ್ತೇನೆ."