ತಂಗಿ ಎಂದು ಬರೆಸಿದ ರೇಷನ್ ಕಾರ್ಡು

ನನ್ನ ಸೋದರಮಾವನಷ್ಟು ಹಟಮಾರಿಯನ್ನು ನಾನು ಠಾಣೆಯಿಂದ ಕಲ್ಯಾಣದವರೆಗೆ ಎಲ್ಲಿಯೂ ಕಂಡಿಲ್ಲ. ರೇಷನ್ ಕಾರ್ಡಿನಲ್ಲಿದ್ದ ಎರಡು ಪದಗಳನ್ನು ತಿದ್ದಿಸುವುದಕ್ಕಾಗಿ ಅವರು ಎರಡು ತಿಂಗಳು ಕಚೇರಿಗೆ ಅಲೆದರು. ಅವನ್ನು ಹಾಗೆಯೇ ಬಿಟ್ಟಿದ್ದರೆ ಹತ್ತು ವರ್ಷಗಳ ಮೇಲೆ ನಮಗೆ ಮನೆ ತಾನಾಗಿ ಸಿಗುತ್ತಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ತಲೆ ಕೆಡುತ್ತದೆ.

ಮೊದಲಿನಿಂದ ಹೇಳುತ್ತೇನೆ. ಮಾವ ಠಾಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮದುವೆ ಆಗಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಊರಿನಿಂದ ಕರೆಸಿಕೊಂಡು ತಮ್ಮ ಚಾಳಿನ ಖೋಲಿಯಲ್ಲೇ ಇಟ್ಟುಕೊಂಡರು. ಇದು ದೊಡ್ಡ ಉಪಕಾರ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ, ಅವರಿಗಂತೂ ಅನ್ನಿಸಲೇ ಇಲ್ಲ. ನಮ್ಮದು ದಕ್ಷಿಣ ಕನ್ನಡದ ಅಳಿಯಕಟ್ಟಿನ ಮನೆ. ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ, ಮಾವನ ನಂತರ ತಂಗಿಯ ಮಗನೇ ವಾರಸುದಾರ. ಹಾಗಾಗಿ ಮಾವ, ಅಮ್ಮ, ನಾನು, ಮೂವರದೂ ಒಂದೇ ಅಡ್ಡಹೆಸರು. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಠಾಣೆಯಲ್ಲಿ ಕೇಳಿದರು. ನಿಜ ಹೇಳಬೇಕೆಂದರೆ, ಕೇಳದೇ ಬರೆದರು. ನಾನಾಗ ಆರನೆಯ ಇಯತ್ತೆಯಲ್ಲಿದ್ದೆ. ರೇಷನ್ ಕಚೇರಿಯ ಕಾರಕೂನ ಅರ್ಜಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಮಗು ಇರುವುದನ್ನು ನೋಡಿದ, ಮೂವರ ಅಡ್ಡಹೆಸರೂ ಒಂದೇ ಇರುವುದನ್ನು ನೋಡಿದ, ತಾನೇ ತೀರ್ಮಾನ ಮಾಡಿ ಅಮ್ಮನ ಹೆಸರಿನ ಮುಂದೆ ‘ಪತ್ನಿ’ ಎಂದೂ ನನ್ನ ಹೆಸರಿನ ಮುಂದೆ ‘ಮುಲ್ಗಾ’, ಅಂದರೆ ಮಗ, ಎಂದೂ ಬರೆದು ಠಸ್ಸೆ ಒತ್ತಿ ಕೊಟ್ಟ. ಮಾವ ಅದನ್ನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿದ ಮೇಲೆ ಆ ದಿನ ಊಟ ಮಾಡಲಿಲ್ಲ.

ಮರುದಿನದಿಂದ ಅಲೆದಾಟ ಶುರುವಾಯಿತು. ಹೋಟೆಲಿನ ಮಧ್ಯಾಹ್ನದ ಬಿಡುವಿನಲ್ಲಿ ಓಡುವುದು, ಸಾಹೇಬ ಇಲ್ಲ ಎನ್ನಿಸಿಕೊಳ್ಳುವುದು, ವಾಪಸು ಓಡಿ ಬರುವುದು. ಏನು ಬರೆದರೇನು, ಸಕ್ಕರೆ ಅಷ್ಟೇ ತಾನೇ ಸಿಗುವುದು ಎಂದು ಕಾರಕೂನ ನಕ್ಕನಂತೆ.

“ಸಕ್ಕರೆ ಕೊಡದಿದ್ದರೂ ಅಡ್ಡಿಲ್ಲ, ತಂಗಿ ಅಂತ ಬರಿ ಅಂತ ಹೇಳಿ ಬಂದೆ,” ಎಂದು ಮಾವ ಮನೆಗೆ ಬಂದು ಅಮ್ಮನಿಗೆ ಹೇಳಿದರು. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೊನೆಗೂ ‘ಪತ್ನಿ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಬಹೀಣ್’ ಎಂದು ಬರೆದರು, ನಾನು ‘ಭಾಚಾ’ ಆದೆ. ತಂಗಿ ಮತ್ತು ತಂಗಿಯ ಮಗ. ಮಾವ ಆ ಕಾರ್ಡನ್ನು ಹೋಟೆಲಿನವರಿಗೆಲ್ಲ ತೋರಿಸಿದರು.

ನಮ್ಮ ಚಾಳಿನ ವಿಷಯ ಸ್ವಲ್ಪ ಹೇಳಬೇಕು. ಎರಡು ಮಹಡಿ, ಒಂದೊಂದರಲ್ಲಿ ಎಂಟು ಖೋಲಿ, ಎಲ್ಲರಿಗೂ ಸೇರಿ ಅಂಗಳದ ಆಚೆ ತುದಿಯಲ್ಲಿ ನಾಲ್ಕು ಸಂಡಾಸು. ಅವುಗಳಲ್ಲಿ ಒಂದರ ಬಾಗಿಲು ಮುರಿದಿತ್ತು, ಇನ್ನೊಂದು ಸದಾ ತುಂಬಿರುತ್ತಿತ್ತು. ಬೆಳಿಗ್ಗೆ ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಹಿಂದಿನವರು ಬಾಗಿಲು ಬಡಿಯುತ್ತಾರೆ. ಒಂದು ಮಳೆಗಾಲ ಅಮ್ಮ ಅಲ್ಲಿನ ಪಾಚಿ ಕಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಎಡಮಂಡಿ ಕೆಡಿಸಿಕೊಂಡಳು, ಅದು ಮತ್ತೆ ಸರಿಹೋಗಲಿಲ್ಲ. ಅಮ್ಮ ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಸಂಡಾಸು ಮನೆಯೊಳಗೇ ಇದ್ದರೆ ಸಾಕು ಎನ್ನುತ್ತಿದ್ದಳು.

ನಾನು ಓದು ಮುಗಿಸಿ ವಾಗ್ಳೆ ಎಸ್ಟೇಟ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆದ ಮೇಲೆ ಚಾಳಿಗೆ ‘ಅಪಾಯಕಾರಿ ಕಟ್ಟಡ’ ಎಂಬ ನೋಟೀಸು ಅಂಟಿಸಿದರು. ಕೆಡವಿ ಅದೇ ಜಾಗದಲ್ಲಿ ನಾಲ್ಕು ಮಹಡಿ ಕಟ್ಟುತ್ತಾರೆ, ಪ್ರತಿ ಬಾಡಿಗೆದಾರನ ಕುಟುಂಬಕ್ಕೂ ಒಂದು ಖೋಲಿ, ಒಳಗೇ ಮೋರಿ, ಅಂದರೆ ಬಚ್ಚಲು, ಒಳಗೇ ಸಂಡಾಸು ಎಂದು ಹೇಳಿದರು. ಅಮ್ಮ ಆ ದಿನ ಪಾಯಸ ಮಾಡಿದಳು. ಸ್ವಲ್ಪ ತಡೆದಿದ್ದರೆ ಬೆಲ್ಲ ಉಳಿಯುತ್ತಿತ್ತು.

ಯಾಕೆಂದರೆ ಮರುವಾರ ಯೋಜನೆಯ ಕಚೇರಿಯಿಂದ ಸರ್ವೇಯವನು ಬಂದ. ಬಾಗಿಲಲ್ಲೇ ನಿಂತು ಬಾಡಿಗೆ ರಸೀದಿ ನೋಡಿದ, ರೇಷನ್ ಕಾರ್ಡು ನೋಡಿದ, “ಏಕಟಾ ಮಾಣೂಸ್,” ಎಂದ. ಒಬ್ಬಂಟಿ. ಕುಟುಂಬ ಅಂದರೆ ಹೆಂಡತಿ, ಮಕ್ಕಳು, ತಂದೆ ತಾಯಿ. ತಂಗಿ, ತಂಗಿಯ ಮಗ ಪಾಹುಣೆ, ಅಂದರೆ ನೆಂಟರು. ಒಬ್ಬಂಟಿಗಳಿಗೆ ಬೇರೆ ಖೋಲಿ ಇಲ್ಲ, ಇಬ್ಬಿಬ್ಬರನ್ನು ಸೇರಿಸಿ ಒಂದು ಕೊಡುತ್ತಾರೆ.

ಮಾವ ಅವನನ್ನು ಕೂರಿಸಿ, ಹೋಟೆಲಿನಿಂದ ಚಾ ತರಿಸಿ, ತಮ್ಮ ಹರುಕುಮುರುಕು ಮರಾಠಿಯಲ್ಲಿ ಅಳಿಯಕಟ್ಟನ್ನು ವಿವರಿಸಲು ಕುಳಿತರು. ಅಜ್ಜಿಯಿಂದ ಶುರು ಮಾಡಿದರು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಏನೂ ನಡೆಯಲಿಲ್ಲ. ಸರ್ವೇಯವನು ಚಾ ಕುಡಿದು ಮುಗಿಸಿ, ಅದು ನಿಮ್ಮ ಊರಿನ ರಿವಾಜು ಕಾಕಾ, ನನ್ನ ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲ ಎಂದು ಎದ್ದು ಹೋದ.

ಪಕ್ಕದ ಖೋಲಿಯಲ್ಲಿ ವಿಜಾಪುರದ ಕಡೆಯವರೊಬ್ಬರಿದ್ದರು, ಕಲ್ಯಾಣದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕಾರಕೂನರು. ಚಾಳಿನ ಅರ್ಧ ಜನರ ಅರ್ಜಿಗಳನ್ನು ಬರೆದುಕೊಟ್ಟವರು. ಅವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಹಣೆ ಚಚ್ಚಿಕೊಂಡರು.

“ಏನ್ ಮಾಡಿ ಕುಂತೀರಿ ನೀವು? ಅಂವ ತಪ್ಪು ಬರದಿದ್ದು ನಿಮ್ಮ ಪುಣ್ಯಾ ಇತ್ರೀ. ಅದನ್ನ ಹಂಗ ಬಿಟ್ಟಿದ್ರ ಇವತ್ತ ಕಣ್ಣು ಮುಚ್ಚಿ ಖೋಲಿ ಸಿಗತಿತ್ತು.”

“ಹಾಗಾದರೆ ನನ್ನ ತಂಗಿ ನನ್ನ ಹೆಂಡತಿ ಅಂತ ಇರಲಿ ಅನ್ನುವುದಾ ನೀವು?” ಎಂದರು ಮಾವ.

“ಕಾಗದದಾಗ್ರೀ. ಕಾಗದದಾಗ.”

“ಕಾಗದದಲ್ಲಿ ಬರೆದದ್ದನ್ನು ನಾನು ಓದಿದೆನಲ್ಲ,” ಎಂದು ಮಾವ ಒಳಗೆ ಹೋದರು.

ನಾನು ಸುಮ್ಮನಿರಲಿಲ್ಲ. ಆ ದಿನ ಮಾತ್ರವಲ್ಲ, ಮುಂದೆ ವರ್ಷಗಟ್ಟಲೆ ಸುಮ್ಮನಿರಲಿಲ್ಲ. ನಿಮ್ಮ ಮಾನ ನಿಮ್ಮ ಹತ್ತಿರ ಇಟ್ಟುಕೊಳ್ಳಿ ಮಾವ, ಅಮ್ಮನ ಮಂಡಿಗೆ ಅದನ್ನು ಎಣ್ಣೆಯ ಹಾಗೆ ಹಚ್ಚಲಿಕ್ಕೆ ಆಗುತ್ತದಾ ಎಂದು ಮುಖಕ್ಕೇ ಕೇಳಿದ್ದೇನೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಟೆಲಿಗೆ ಹೊರಡುತ್ತಿದ್ದರು. ಅದು ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು.

ಚಾಳು ಕೆಡವುವ ಮೊದಲು ಎಲ್ಲರನ್ನೂ ಮುಂಬ್ರಾದ ಗುಡ್ಡದ ಬುಡದಲ್ಲಿದ್ದ ತಗಡಿನ ಶೆಡ್ಡುಗಳಿಗೆ ಕಳಿಸಿದರು. ಒಂದೂವರೆ ವರ್ಷ, ಅಷ್ಟೇ ಎಂದಿದ್ದರು. ನಾಲ್ಕು ಮಳೆಗಾಲ ಕಳೆದವು. ಕೇಳಲು ಹೋದರೆ ಸಿಮೆಂಟ್ ಪರ್ಮಿಟ್ ಬಂದಿಲ್ಲ ಎನ್ನುತ್ತಿದ್ದರು. ಸಿಮೆಂಟ್ ಬಂದ ವರ್ಷ ನಕ್ಷೆ ಮಂಜೂರಾಗಿರಲಿಲ್ಲ. ಶೆಡ್ಡಿನ ಸಂಡಾಸು ಗುಡ್ಡದ ಇಳಿಜಾರಿನಲ್ಲಿ, ಕಲ್ಲು ಕಲ್ಲು ಹಿಡಿದು ಇಳಿಯಬೇಕು. ಅಮ್ಮ ಇಳಿಯುವಾಗ ನಾನು ಕೈ ಹಿಡಿಯಲು ಹೋದರೆ, ಇದಕ್ಕೂ ಮಗ ಬರಬೇಕಾ ಎಂದು ಕೈ ಕೊಡವಿಕೊಳ್ಳುತ್ತಿದ್ದಳು.

ಆಮೇಲೆ ಅಮ್ಮ ನೀರು ಕುಡಿಯುವುದನ್ನು ಬಿಟ್ಟಳು. ಪೂರ್ತಿ ಅಲ್ಲ, ಮಧ್ಯಾಹ್ನದ ಊಟದ ನಂತರ ಒಂದು ಗುಟುಕೂ ಇಲ್ಲ. ಉರಿಮೂತ್ರ ಶುರುವಾಗಿ ಜ್ವರ ಬಂದು, ಡಾಕ್ಟರು ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು ಎಂದಾಗ ಅಮ್ಮ ತಲೆಯಾಡಿಸಿ ಮನೆಗೆ ಬಂದು ಅರ್ಧ ಲೋಟ ಕುಡಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ಎಂತ ಅಮ್ಮ ಇದು, ಸಾಯಬೇಕು ಅಂತ ಉಂಟಾ ನಿನಗೆ?”

“ಕುಡಿದರೆ ಇಳಿಯಬೇಕಲ್ಲ ಮಗ,” ಎಂದಳು.

ಮಾವ ಬಾಗಿಲಲ್ಲಿ ಕುಳಿತು ಕೇಳಿಸಿಕೊಂಡರು. ಮರುದಿನ ಹೋಟೆಲಿಗೆ ರಜೆ ಹಾಕಿ, ವಿಜಾಪುರದ ನೆರೆಯವರನ್ನು ಕರೆದುಕೊಂಡು ಎಲ್ಲಿಗೋ ಹೋದರು. ಸಂಜೆ ವಾಪಸು ಬಂದಾಗ ಅಮ್ಮನ ಮುಖ ನೋಡಲಿಲ್ಲ, ಗೋಡೆ ನೋಡಿ ಮಾತಾಡಿದರು. ಹಳೆಯ ರೇಷನ್ ಕಾರ್ಡು ಶೆಡ್ಡಿಗೆ ಬರುವಾಗ ಕಳೆದುಹೋಯಿತು ಎಂದು ಅಫಿಡವಿಟ್ ಮಾಡಿಸಿದ್ದರು. ತಂಗಿ ಮತ್ತು ಅವಳ ಮಗ ಊರಿಗೆ ವಾಪಸು ಹೋದರು ಎಂದೂ ಅದರಲ್ಲಿತ್ತು. ಈಗ ಜೊತೆಗಿರುವುದು, ಅಂದರೆ ನಾನು, ಸ್ವಂತ ಮಗ, ಇಷ್ಟು ದಿನ ಊರಿನಲ್ಲಿದ್ದ, ಅವನ ತಾಯಿ ಸತ್ತ ಮೇಲೆ ಕರೆಸಿಕೊಂಡದ್ದು. ಹೀಗೆಲ್ಲ ಬರೆಸಿ, ಕೆಳಗೆ ಸಹಿ ಹಾಕಿ ಬಂದಿದ್ದರು. ಹೆಂಡತಿ ಎಂದು ಬರೆಸಲು ಆಗಲೂ ಅವರ ಕೈ ಬರಲಿಲ್ಲ.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು.

“ಹಾಗಾದರೆ ಒಂದೇ ಕಾಗದದಲ್ಲಿ ನನ್ನನ್ನು ಕೊಂದೂ ಆಯ್ತು, ಊರಿಗೆ ಕಳಿಸಿಯೂ ಆಯ್ತು. ಅಣ್ಣ, ಸತ್ತವಳು ಸಾರು ಮಾಡಿದ್ದಾಳೆ. ಬಡಿಸುವುದಾ?”

ನಾನು ನಕ್ಕೆ. ಮಾವ ನಗಲಿಲ್ಲ. ಇಷ್ಟನ್ನು ಮೊದಲೇ ಮಾಡಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಲೂ ಗೊಣಗಿದೆ.

ಖೋಲಿ ಸಿಕ್ಕಿತು. ಠಾಣೆಯಲ್ಲಿ, ಅದೇ ಜಾಗದಲ್ಲಿ, ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಸುಣ್ಣ ಆಗಲೇ ಉದುರುತ್ತಿತ್ತು, ಕಿಟಕಿ ಮುಚ್ಚಿದರೆ ತೆರೆಯುತ್ತಿರಲಿಲ್ಲ. ಆದರೆ ಮೋರಿಯ ಪಕ್ಕ ಬಿಳಿ ಟೈಲ್ಸ್ ಹಾಕಿದ ಸಂಡಾಸು ಇತ್ತು, ಒಳಗಿನಿಂದ ಚಿಲಕ ಇತ್ತು. ಅಮ್ಮ ಅದನ್ನು ದಿನಕ್ಕೆ ಎರಡು ಸಲ ತೊಳೆಯುತ್ತಿದ್ದಳು. ಬಂದವರಿಗೆ ಚಾ ಕೊಡುವ ಮೊದಲು ಅದನ್ನು ತೋರಿಸುತ್ತಿದ್ದಳು. ಎಂಟು ಲೋಟ ನೀರನ್ನು ಎಣಿಸಿ ಕುಡಿಯುತ್ತಿದ್ದಳು.

ಎರಡು ತಿಂಗಳಾಗಿರಬೇಕು, ಒಂದು ಭಾನುವಾರ ಬೆಳಿಗ್ಗೆ ಯೋಜನೆಯ ಕಚೇರಿಯಿಂದ ತಪಾಸಣೆಗೆ ಬಂದಿದ್ದಾರೆ ಎಂದು ಕೆಳಗಿನ ಮಹಡಿಯಿಂದ ಕೂಗಿದರು. ಯಾರು ಖೋಲಿ ಮಾರಿದ್ದಾರೆ, ಯಾರು ಸುಳ್ಳು ಹೇಳಿ ತೆಗೆದುಕೊಂಡಿದ್ದಾರೆ ಎಂದು ಹಳೆಯ ಸರ್ವೇ ಪುಸ್ತಕ ಹಿಡಿದು ನೋಡುತ್ತಿದ್ದರು. ಆ ಪುಸ್ತಕದಲ್ಲಿ ನಮ್ಮ ಮುಂದೆ ಹೆಸರಿಲ್ಲದೆ ಬರೀ ತಂಗಿ, ತಂಗಿಯ ಮಗ ಎಂದು ಬರೆದಿತ್ತು. ಊರಿಗೆ ಹೋದ ತಂಗಿ ಮನೆಯಲ್ಲೇ ಕಂಡರೆ ಎಲ್ಲ ಹೊರಗೆ ಬರುತ್ತಿತ್ತು, ಖೋಲಿ ಹೋಗುತ್ತಿತ್ತು. ಅಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಹೋಗಿ ಸಂಡಾಸಿನಲ್ಲಿ ಕೂತು ಚಿಲಕ ಹಾಕಿಕೊಂಡಳು.

ಬಂದವನು ಹೊಸಬ. ಮಾವನ ಹೆಸರು ಕೇಳಿದ, ನನ್ನ ಹೆಸರು ಕೇಳಿದ, ಇಬ್ಬರು ಎಂದು ಗುರುತು ಹಾಕಿದ. ಗೋಡೆ ನೋಡಿದ, ನಲ್ಲಿ ತಿರುಗಿಸಿದ. ಮುಗಿಯಿತು ಎಂದುಕೊಂಡರೆ, ಅವನ ಪಟ್ಟಿಯಲ್ಲಿ ಸಂಡಾಸಿನ ನೀರಿನ ಟಾಕಿಯನ್ನು ನೋಡುವುದೂ ಇತ್ತು. ಬಾಗಿಲು ತಳ್ಳಿದ, ತೆರೆಯಲಿಲ್ಲ. ನಮ್ಮ ಕಡೆ ತಿರುಗಿದ.

“ಆತ್ ಕೋಣ್ ಆಹೇ?” ಒಳಗೆ ಯಾರಿದ್ದಾರೆ ಎಂದು ಕೇಳಿದ.

ಮಾವನ ಬಾಯಿ ತೆರೆದುಕೊಂಡಿತು. ಅವರು ನಿಜ ಹೇಳಿಬಿಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅಷ್ಟು ವರ್ಷಗಳ ಸಿಟ್ಟೆಲ್ಲ ಒಟ್ಟಿಗೆ ಮೇಲೆ ಬಂತು, ಅವರಿಗಿಂತ ಮೊದಲು ನಾನೇ ಮಾತಾಡಿದೆ.

“ಮೋಲ್‌ಕರೀಣ್,” ಎಂದೆ. ಕೆಲಸದವಳು.

ಬಾಗಿಲು ತೆರೆಯಿತು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪೊರಕೆ. ಎಲ್ಲವೂ ಕೇಳಿಸಿತ್ತು. ತಲೆ ತಗ್ಗಿಸಿ ಗೋಡೆಗೆ ಒತ್ತಿಕೊಂಡು ಅವನಿಗೆ ದಾರಿ ಬಿಟ್ಟಳು. ಅವನು ಟಾಕಿಯ ಸರಪಳಿ ಎಳೆದು ನೋಡಿ, ಹೊರಗೆ ಬರುವಾಗ ಮೂಲೆಗೆ ಬೆರಳು ತೋರಿಸಿ, ಕೆಲಸದವರನ್ನು ಕರೆಯುವಂತೆ ‘ಬಾಯಿ’ ಎಂದು ಕರೆದು, ಇಲ್ಲಿ ಸರಿಯಾಗಿ ಉಜ್ಜಿಲ್ಲ ಎಂದ. ಅಮ್ಮ ಆ ಕೆಟ್ಟ ಮಂಡಿಯನ್ನು ಮಡಚಿ ಕೂತು ಮೂಲೆ ಉಜ್ಜಿದಳು. ಅವನು ಮಾವನ ಸಹಿ ತೆಗೆದುಕೊಳ್ಳುತ್ತಿದ್ದಾಗ ಬಕೆಟ್ಟು ಇಟ್ಟು, ಚಪ್ಪಲಿ ಮೆಟ್ಟಿ, ಕೆಲಸ ಮುಗಿದವಳಂತೆ ಬಾಗಿಲು ದಾಟಿ ಹೋದಳು. ನಾಲ್ಕು ಮಹಡಿ ಇಳಿಯುವ ಅವಳ ಚಪ್ಪಲಿಯ ಸದ್ದು, ಒಂದು ಕಾಲು ಎಳೆಯುವ ಸದ್ದು, ನನಗೆ ಮೇಲಿನವರೆಗೂ ಕೇಳಿಸುತ್ತಿತ್ತು.

ಅವನು ಪಕ್ಕದ ಕಟ್ಟಡಕ್ಕೆ ಹೋಗುವವರೆಗೆ ಕಾದು ನಾನು ಕೆಳಗೆ ಓಡಿದೆ. ಅಮ್ಮ ಕೊನೆಯ ಮೆಟ್ಟಿಲ ಮೇಲೆ ಮಂಡಿ ಒತ್ತಿಕೊಂಡು ಕುಳಿತಿದ್ದಳು.

“ಹೋದನಾ?”

“ಹೋದ.”

“ಮನೆ ಉಂಟಲ್ಲ?”

“ಉಂಟು ಅಮ್ಮ.”

“ಮೂಲೆ ಕ್ಲೀನೇ ಇತ್ತು ಮಗ,” ಎಂದಳು. “ಬೆಳಿಗ್ಗೆಯೇ ಉಜ್ಜಿದ್ದೆ.”

ನಾನು ಬಗ್ಗಿ ಕೈ ಕೊಟ್ಟೆ. ಆ ದಿನ ಅವಳು ಕೈ ಕೊಡವಿಕೊಳ್ಳಲಿಲ್ಲ, ಹಿಡಿದುಕೊಂಡು ಪ್ರತಿ ಮಹಡಿಯಲ್ಲಿ ನಿಂತು ನಿಂತು ಹತ್ತಿದಳು.

ಮೇಲೆ ಮಾವ ಟ್ರಂಕ್ ತೆರೆದು ಕುಳಿತಿದ್ದರು. ಕಳೆದುಹೋಗಿದೆ ಎಂದು ಬರೆಸಿದ್ದ ಹಳೆಯ ರೇಷನ್ ಕಾರ್ಡು ಅವರ ತೊಡೆಯ ಮೇಲಿತ್ತು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ತಂಗಿ ಅಂತ ಬರೆಸಲಿಕ್ಕೆ ಎರಡು ತಿಂಗಳು ತಿರುಗಿದ್ದೆ ನಾನು,” ಎಂದರು.

ಅಮ್ಮ ಬಿಟ್ಟುಹೋಗಿದ್ದ ಬಕೆಟ್ಟನ್ನು ನಾನು ಎತ್ತಿ ಸಂಡಾಸಿನೊಳಗೆ ಇಟ್ಟೆ. ಅಮ್ಮ ನಮ್ಮಿಬ್ಬರನ್ನೂ ನೋಡಲಿಲ್ಲ. ನೇರವಾಗಿ ಕೊಡದ ಹತ್ತಿರ ಹೋಗಿ ಒಂದು ಲೋಟ ನೀರನ್ನು ನಿಂತಲ್ಲೇ ಪೂರ್ತಿ ಕುಡಿದು, ಇನ್ನೊಂದನ್ನು ಬಗ್ಗಿಸಿಕೊಂಡಳು.