ರುಜು ಬರುವವಳ ಹೆಬ್ಬೆಟ್ಟು

ಕೆಲಸ ಹೋದಾಗ ನನಗೆ ಐವತ್ತೆರಡು. ಅದಾಗಿ ಹತ್ತು ವರ್ಷ ಕಳೆಯಿತು. ಹೋದ ತಿಂಗಳು ಪೆನ್ಶನ್ನಿನವರಿಗೆ ನಾನಿನ್ನೂ ಬದುಕಿದ್ದೇನೆ ಎಂದು ತೋರಿಸಲು ಹುಣಸೂರಿನ ಬ್ಯಾಂಕಿಗೆ ಹೋಗಿದ್ದೆ. ಅವರ ಮಿಷನ್ನು ನನ್ನ ಬೆರಳನ್ನು ಹಿಡಿಯಲಿಲ್ಲ. ಹನ್ನೊಂದು ವರ್ಷ ದಾರ ಕತ್ತರಿಸಿದ ಬೆರಳು, ಗೆರೆಯೆಲ್ಲ ಸವೆದಿದೆ. ಒರೆಸಿ ಒರೆಸಿ ಒತ್ತಿಸಿ ಸೋತ ಕೌಂಟರಿನವಳು ಕೊನೆಗೆ ಒಳಗಿನಿಂದ ಇಂಕಿನ ಪ್ಯಾಡು ತಂದಳು. ಮುಚ್ಚಳ ತೆಗೆದಳು ನೋಡಿ, ಆ ವಾಸನೆ... ಟೈಮಾಫೀಸಿನ ಮೇಡಮ್ಮೋರು ಎದುರಿಗೆ ಬಂದು ಕೂತಂತಾಯಿತು.

ಹುಣಸೂರಿನ ಹೊರಗೆ ರಸ್ತೆ ಬದಿಯಲ್ಲಿ ಆಗ ಒಂದು ಗಾರ್ಮೆಂಟ್ಸ್ ಇತ್ತು. ಈಗ ಅಲ್ಲಿ ಹೊಗೆಸೊಪ್ಪಿನ ಮೂಟೆ ತುಂಬುತ್ತಾರೆ. ನಾನು ಹಾರನಹಳ್ಳಿ ಕಡೆಯಿಂದ ಕಂಪನಿ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ಹೊಲಿದು ಬಂದ ಅಂಗಿಗಳಲ್ಲಿ ಜೋತಾಡುವ ದಾರ ಕತ್ತರಿಸುವುದು ನನ್ನ ಕೆಲಸ. ಮೇಡಮ್ಮೋರು ಹಾಜರಿ, ರಜೆ, ಸಂಬಳದ ಕಾಗದ ನೋಡಿಕೊಳ್ಳುತ್ತಿದ್ದರು. ನನಗಿಂತ ಹದಿನೈದು ಇಪ್ಪತ್ತು ವರ್ಷಕ್ಕೆ ಚಿಕ್ಕವರು. ಒಣಕಲು ಆಳು, ವರ್ಷವಿಡೀ ಶೀತ, ಕರ್ಚೀಫು ಕೈ ಬಿಟ್ಟಿದ್ದೇ ಇಲ್ಲ. ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಟೋಕನ್ ನಂಬರೇ. ನಾನು ಇನ್ನೂರ ಹದಿನೇಳು. ಐದು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತೆಂದೇ ಲೆಕ್ಕ. ಗಾಡಿಯಲ್ಲಿ ನಾವು ಹೆಂಗಸರು ಅವರಿಗೆ ಇಟ್ಟಿದ್ದ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ನನಗೆ ಅವರ ಮೇಲೆ ಸಿಟ್ಟು ಬೇರೆಯವರಿಗಿಂತ ಒಂದು ಪಾಲು ಹೆಚ್ಚು. ಅದಕ್ಕೆ ಕಾರಣವಿತ್ತು. ನಮ್ಮಲ್ಲಿ ಒಂದು ರೂಢಿ. ಮನೆಯಲ್ಲಿ ಮದುವೆಯೋ ಮುಂಜಿಯೋ ಬಂದರೆ ಕೆಲಸಕ್ಕೆ ರಾಜೀನಾಮೆ ಬರೆದುಕೊಡುವುದು, ಸಂಬಳದಲ್ಲಿ ಹಿಡಿದಿದ್ದ ಪಿಎಫ್ ದುಡ್ಡು ತೆಗೆದುಕೊಳ್ಳುವುದು, ಎರಡು ಮೂರು ತಿಂಗಳು ಮನೆಯಲ್ಲಿ ಕೂತು ಮತ್ತೆ ಹೊಸ ಟೋಕನ್ನಿಗೆ ಸೇರುವುದು. ಎಲ್ಲರೂ ಮಾಡುತ್ತಿದ್ದರು. ಅದರಲ್ಲಿ ನಷ್ಟವಿದೆ ಎಂದು ಯಾರೂ ಹೇಳಿರಲಿಲ್ಲ. ಮಗಳ ಮದುವೆ ಗೊತ್ತಾದಾಗ ನಾನು ಸೇರಿ ನಾಲ್ಕೂವರೆ ವರ್ಷ. ನಾನೂ ರಾಜೀನಾಮೆ ಬರೆಸಿಕೊಂಡು ಹೋದೆ. ಮೇಡಮ್ಮೋರು ಓದಿದರು, ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಐದು ವರ್ಷ ತುಂಬಲಿ, ಆಮೇಲೆ ಬನ್ನಿ ಎಂದರು, ಅಷ್ಟೆ. ಕಿವಿಯ ವಾಲೆ ಗಿರವಿಗೆ ಹೋಯಿತು. ಆ ವಾಲೆ ಮತ್ತೆ ಕಿವಿಗೆ ಬರಲಿಲ್ಲ. ಆರೇಳು ವರ್ಷ ನಾನು ಅವರ ಮುಖ ನೋಡಿ ಮಾತಾಡಲಿಲ್ಲ. ಅವರಿಗೂ ಅದರ ಗೊಡವೆ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ದಾರ ಕತ್ತರಿಸುವವರು, ಇಸ್ತ್ರಿ ಮಾಡುವವರು, ಮಡಿಸಿ ಪ್ಯಾಕು ಮಾಡುವವರನ್ನೆಲ್ಲ ಊಟದ ಹಾಲಿಗೆ ಕರೆದರು. ಆರ್ಡರ್ ಕಮ್ಮಿಯಾಗಿದೆ, ಸೋಮವಾರದಿಂದ ನೀವ್ಯಾರೂ ಬರುವುದು ಬೇಡ ಎಂದರು ಮ್ಯಾನೇಜರು. ಇವತ್ತೇ ಕಾಗದಕ್ಕೆ ರುಜು ಹಾಕಿದವರಿಗೆ ಒಂದು ತಿಂಗಳ ಸಂಬಳ ಕವರಿನಲ್ಲಿಟ್ಟು ಕೊಡುತ್ತೇವೆ, ಪಿಎಫೂ ಬರುತ್ತದೆ, ನಾಳೆ ಬಂದು ಕೇಳಿದರೆ ಇಲ್ಲ ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಅದು ಕನ್ನಡದಲ್ಲಿದ್ದರೂ ನನಗೆ ಒಂದೇ. ಆಗ ನನಗೆ ನನ್ನ ಹೆಸರು ಬರೆಯಲು ಮಾತ್ರ ಬರುತ್ತಿತ್ತು. ಓದು ಕಲಿತದ್ದು ಆಮೇಲೆ, ಮೊಮ್ಮಗಳ ಒಂದನೇ ಕ್ಲಾಸಿನ ಪುಸ್ತಕದಲ್ಲಿ.

ಸಾಲು ನಿಂತೆವು. ಮೇಜಿನ ಹಿಂದೆ ಮೇಡಮ್ಮೋರು, ಅವರ ಪಕ್ಕದಲ್ಲಿ ಮ್ಯಾನೇಜರು. ಕೆಲಸದಿಂದ ತೆಗೆಯಬೇಕಾದವರ ಪಟ್ಟಿಯಲ್ಲಿ ಮೇಡಮ್ಮೋರ ಹೆಸರು ಇರಲಿಲ್ಲ. ನನಗಿಂತ ಮುಂದಿದ್ದ ಹತ್ತು ಹನ್ನೆರಡು ಮಂದಿ ರುಜು ಹಾಕಿ ಕವರು ತೆಗೆದುಕೊಂಡರು. ನನ್ನ ಸರದಿ ಬಂತು. ಪೆನ್ನಿಗೆ ಕೈ ಹಾಕಿದೆ. ಮೇಡಮ್ಮೋರು ಪೆನ್ನನ್ನು ತಮ್ಮ ಕಡೆಗೆ ಎಳೆದುಕೊಂಡು ಇಂಕಿನ ಪ್ಯಾಡು ಮುಂದೆ ತಳ್ಳಿದರು.

“ಇನ್ನೂರ ಹದಿನೇಳು, ಹೆಬ್ಬೆಟ್ಟು ಒತ್ತಿ.”

ನನಗೆ ಮೈಯೆಲ್ಲ ಉರಿಯಿತು. “ನಂಗೆ ರುಜು ಬತ್ತದೆ ಕಣ್ರೀ ಮೇಡಮ್ಮೋರೆ. ಅನ್ನೊಂದು ವರ್ಸದಿಂದ ನೋಡಿಲ್ವಾ ನೀವು?”

“ಓದೋಕೆ ಬರುತ್ತಾ?”

“ಇಲ್ಲ.”

“ಹಾಗಾದ್ರೆ ಹೆಬ್ಬೆಟ್ಟೇ. ಕೊಡಿ ಬೆರಳು.”

ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟು ಜನರ ಮುಂದೆ ಬೆರಳಿಗೆ ಇಂಕು ಬಿತ್ತು. ಮ್ಯಾನೇಜರು ಬೇಗ ಬೇಗ ಎಂದರು. ಆಗ ಮೇಡಮ್ಮೋರು ಅವರಿಗೆ ಕಾಗದದ ಕೊನೆಯ ಸಾಲು ತೋರಿಸಿದರು. ಹೆಬ್ಬೆಟ್ಟು ಒತ್ತುವವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿದ್ದೇನೆ ಎಂದು ಕೆಳಗೆ ರುಜು ಮಾಡಬೇಕಾದವಳು ನಾನು, ಓದದೆ ಮಾಡುವುದಿಲ್ಲ ಎಂದರು. ಮ್ಯಾನೇಜರು ಹೊರಗಿನವರು, ಕನ್ನಡ ಅರ್ಧಂಬರ್ಧ. ಓದಿ ಮುಗಿಸು ಎನ್ನುವಂತೆ ಕೈ ಆಡಿಸಿದರು. ಯಾರು ಬಂದರೂ ಕುರ್ಚಿ ಬಿಟ್ಟು ಏಳದ ಮೇಡಮ್ಮೋರು ಅವತ್ತು ಎದ್ದು ನಿಂತರು. ಮೂಗು ಒರೆಸಿಕೊಂಡರು. ಹಾಲಿನ ಕೊನೆಯವರೆಗೂ ಕೇಳುವ ಹಾಗೆ ಓದಿದರು.

“ನಾನು ನನ್ನ ಸ್ವಂತ ಇಷ್ಟದಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ನನಗೆ ಬರಬೇಕಾದದ್ದೆಲ್ಲ ಬಂದಿದೆ. ಕಂಪನಿಯನ್ನು ಮುಂದೆ ಏನೂ ಕೇಳುವುದಿಲ್ಲ.”

ಇಂಕು ಹತ್ತಿದ ನನ್ನ ಬೆರಳು ಮೇಜಿನ ಮೇಲೆ ಹಾಗೇ ನಿಂತಿತ್ತು.

“ನಾನೆಲ್ಲಿ ಬುಟ್ಟೋಯ್ತೀನಿ ಅಂದೆ?” ಎಂದೆ. “ಬುಡಿಸ್ತಾ ಇರೋರು ನೀವು. ನಾನು ಒತ್ತಾಕಿಲ್ಲ.”

ಬೆರಳನ್ನು ಸೆರಗಿಗೆ ಒರೆಸಿಕೊಂಡು ಸಾಲು ಬಿಟ್ಟು ಬಂದೆ. ನನ್ನ ಹಿಂದಿದ್ದವಳು ಬಂದಳು, ಅವಳ ಹಿಂದಿದ್ದವಳೂ ಬಂದಳು. ಸಾಲೇ ಉಳಿಯಲಿಲ್ಲ.

ಅವತ್ತು ಕಂಪನಿ ಗಾಡಿ ಬಿಡಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿಗೆ ಬಂದರೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಮೇಡಮ್ಮೋರು. ಅವರ ಮನೆ ಪಿರಿಯಾಪಟ್ಟಣದಾಚೆಯ ಕೊಪ್ಪದಲ್ಲಿ. ನಾನು ನೋಡದ ಹಾಗೆ ಮುಂದೆ ಹೋಗುತ್ತಿದ್ದೆ, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ರುಜು ಹಾಕಿದವರು ಓದಿಕೊಂಡೇ ಹಾಕಿದ್ದಾರೆ ಅಂತ ಲೆಕ್ಕ, ಅವರಿಗೆ ನಾನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅದಕ್ಕೇ ಓದು ಬರದ ನಿಮ್ಮ ಸರದಿ ಕಾಯುತ್ತಿದ್ದೆ ಎಂದರು. ಆಮೇಲೆ ನನ್ನ ಬೆರಳುಗಳನ್ನು ಕಿರುಬೆರಳಿಂದ ಶುರುಮಾಡಿ ಒಂದೊಂದಾಗಿ ಹಿಡಿದರು.

“ಇದು ಪಿಎಫ್. ನಿಮ್ಮದೇ ದುಡ್ಡು, ಅವರು ಕೊಡೋದೇನಿಲ್ಲ. ಇದು ನೋಟಿಸಿನ ದುಡ್ಡು, ಮುಂಚೆ ಹೇಳದೆ ತೆಗೆದದ್ದಕ್ಕೆ. ಇದು ಪರಿಹಾರ, ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ. ರಾಜೀನಾಮೆ ಕೊಟ್ರೆ ಇವೆರಡೂ ಹೋದವು. ಈ ಬೆರಳು ಗ್ರಾಚ್ಯುಟಿ. ಅದೂ ವರ್ಷಕ್ಕೆ ಹದಿನೈದು ದಿನದ್ದೇ, ಆದ್ರೆ ಐದು ವರ್ಷ ಬಿಡದೆ ದುಡಿದವರಿಗೆ ಮಾತ್ರ.”

“ಐದು ವರ್ಸ...” ಎಂದೆ.

“ಹೂಂ. ನಾಲ್ಕೂವರೆಗೆ ಬಂದು ರಾಜೀನಾಮೆ ಕೊಡ್ತೀನಿ ಅಂತ ನಿಂತಿದ್ರಲ್ಲ.”

“ಅವತ್ತೇ ಬಾಯಿಬುಟ್ಟು ಏಳಬಾರದಾಗಿತ್ತಾ ಮೇಡಮ್ಮೋರೆ? ಎಷ್ಟು ಶಾಪ ಹಾಕಿವ್ನಿ ನಿಮಗೆ.”

“ಹೇಳಿದ್ರೆ ಕೇಳ್ತಿದ್ರಾ ನೀವು?”

ಕೇಳುತ್ತಿರಲಿಲ್ಲ. ಹತ್ತು ವರ್ಷ ತುಂಬಿದ್ದಕ್ಕೆ ಐವತ್ತೆಂಟಕ್ಕೆ ಪೆನ್ಶನ್ನೂ ಬರುತ್ತದೆ, ಮರೆಯದೆ ಅರ್ಜಿ ಹಾಕಿ ಎಂದರು. ಸೋಮವಾರ ಎಲ್ಲರೂ ಸೇರಿ ಮೈಸೂರಿನ ಲೇಬರ್ ಆಫೀಸಿಗೆ ಹೋಗಿ, ಸಂಬಳದ ಚೀಟಿ, ಟೋಕನ್ ಕಾರ್ಡು ತೆಗೆದುಕೊಂಡು ಹೋಗಿ ಎಂದರು. ನಾನು ಇಳಿಯುವ ಕಡೆ ಬಸ್ಸು ನಿಂತಿತು. ಬತ್ತೀನಿ ಎಂದೆ. ಅಷ್ಟೇ ಎಂದದ್ದು.

ಅಲೆದೆವು. ಎಂಟು ತಿಂಗಳು ಬಸ್ ಚಾರ್ಜು ಸುರಿದೆವು. ಕೊನೆಗೆ ರುಜು ಹಾಕದವರಿಗೆಲ್ಲ ದುಡ್ಡು ಬಂತು. ನನ್ನ ಪಕ್ಕದ ಟೇಬಲಿನವಳು ಎರಡು ಸಲ ಬಿಟ್ಟು ಸೇರಿದ್ದಳು. ಅವಳ ಹತ್ತು ವರ್ಷದ ದುಡಿಮೆ ಕಾಗದದಲ್ಲಿ ಮೂರೇ ವರ್ಷವಾಗಿತ್ತು. ಗ್ರಾಚ್ಯುಟಿ ಸಿಗಲಿಲ್ಲ. ನನಗೆ ಪೂರಾ ಹನ್ನೊಂದಕ್ಕೂ ಬಂತು. ಮನೆಗೆ ತಾರಸಿಯಾಯಿತು, ಎರಡು ಹಸು ಬಂದವು. ಈಗ ತಿಂಗಳಿಗೆ ಪೆನ್ಶನ್ ಸಾವಿರ ಚಿಲ್ಲರೆ ಬರುತ್ತದೆ. ದೊಡ್ಡ ದುಡ್ಡಲ್ಲ. ಆದರೆ ನನ್ನ ಮಾತ್ರೆಗೆ ನಾನು ಯಾರ ಕೈಯನ್ನೂ ನೋಡಬೇಕಾಗಿಲ್ಲ.

ಮೇಡಮ್ಮೋರ ವಿಷಯ ನಮಗೆ ತಿಳಿದದ್ದು ಲೇಬರ್ ಆಫೀಸಿನ ಬಾಗಿಲಲ್ಲಿ ಕೂತಿದ್ದಾಗ. ಆ ಶನಿವಾರವೇ, ಆಫೀಸು ಬಿಡುವ ಮುಂಚೆ, ಮ್ಯಾನೇಜರು ಅದೇ ಕಾಗದಕ್ಕೆ ಅವರ ರುಜುವನ್ನೂ ಹಾಕಿಸಿಕೊಂಡಿದ್ದರಂತೆ. ಹಾಕದಿದ್ದರೆ ಅನುಭವದ ಪತ್ರ ಕೊಡುವುದಿಲ್ಲ, ಮುಂದೆ ಎಲ್ಲೂ ಕೆಲಸ ಸಿಗದು ಎಂದರಂತೆ. ಮೇಡಮ್ಮೋರು ಓದಿಕೊಂಡೇ ಹಾಕಿದ್ದರು. ಬಸ್ಸಿನಲ್ಲಿ ನನ್ನ ಬೆರಳು ಹಿಡಿದು ಕೂತಿದ್ದಾಗ ಅವರಿಗೆ ಕೆಲಸ ಇರಲಿಲ್ಲ. ಅದರ ಮಾತೇ ಎತ್ತಲಿಲ್ಲ...

ನಾವು ಅರವತ್ತು ಎಪ್ಪತ್ತು ಹೆಂಗಸರು. ಒಬ್ಬಳೂ ಅವರ ಮನೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಹಸು, ಹಾಲು, ಬಾಣಂತನ ಎನ್ನುತ್ತಿದ್ದೆ. ಕೊಪ್ಪ ನಮ್ಮೂರಿಂದ ಏನು ದೂರ? ಕೈ ಚಾಚಿ ತೆಗೆದುಕೊಂಡವರಿಗೆ ಕೊಟ್ಟವರ ಮುಖ ನೋಡಲು ಸಂಕೋಚ, ಅಷ್ಟೆ.

ಹೋದ ತಿಂಗಳು ಬ್ಯಾಂಕಿನಿಂದ ಹೊರಗೆ ಬರುವಾಗ ಆ ಪಕ್ಕದ ಟೇಬಲಿನವಳು ಸಿಕ್ಕಳು. ಮೇಡಮ್ಮೋರು ಕಾಯಿಲೆಯಾಗಿ ಹೋದ ವರ್ಷವೇ ತೀರಿಕೊಂಡರು ಎಂದಳು. ಮದುವೆ ಆಗಿರಲಿಲ್ಲ, ತಾಯಿ ಒಬ್ಬರಿದ್ದಾರೆ ಎಂದಳು. ಋಣ ಹೇಳಿಕೊಳ್ಳಬೇಕಾದವರೇ ಇಲ್ಲವಾಗಿದ್ದರು. ನಾನು ಅಳಲಿಲ್ಲ. ಮನೆಯ ಗುರುತು ಕೇಳಿಕೊಂಡೆ.

ಮಾರನೆಯ ಬೆಳಗ್ಗೆ ಡೈರಿಗೆ ಹಾಲು ಹಾಕಿ ಮೊದಲ ಬಸ್ಸಿಗೆ ಕೊಪ್ಪಕ್ಕೆ ಹೋದೆ. ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿದೆ. ಮಗಳು ಆ ಕೆಲಸ ಯಾಕೆ ಬಿಟ್ಟಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಏನೋ ತಪ್ಪು ಮಾಡಿ ತೆಗೆಸಿಕೊಂಡಳು ಎಂದೇ ಬೀದಿಯವರೂ ಅಂದುಕೊಂಡಿದ್ದರಂತೆ. ಅವರಿಗೆ ಕಿವಿ ಮಂದ. ಹಾಗಾಗಿ ಅವತ್ತು ಊಟದ ಹಾಲಿನಲ್ಲಿ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ, ಆ ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.