ಅಗಿಯದೆ ನುಂಗುವವರು

ಅಮೀಬಾಕ್ಕೂ ನಮ್ಮ ಸೀಮೆಯವರಿಗೂ ಒಂದು ನೆಂಟಸ್ತನವಿದೆ: ಇಬ್ಬರೂ ಅಗಿಯುವುದಿಲ್ಲ. ಚಳ್ಳಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಾನು ಈ ಮಾತನ್ನು ಪ್ರತಿ ವರ್ಷ ತರಗತಿಯಲ್ಲಿ ಆಡುತ್ತಿದ್ದೆ; ಮಕ್ಕಳು ಪ್ರತಿ ವರ್ಷ ನಗುತ್ತಿದ್ದರು. ರಾಗಿಮುದ್ದೆ ಅಗಿಯುವವನು ಬೇರೆ ಊರಿನವನೆಂದು ತಿಳಿಯಲು ಇಲ್ಲಿ ಆಧಾರ್ ಕಾರ್ಡ್ ಬೇಕಾಗಿಲ್ಲ.

ನನಗೆ ನುಂಗಲು ಕಲಿಸಿದ್ದು ಆಂಧ್ರದ ಗಡಿಗಂಟಿದ ಮೊಳಕಾಲ್ಮೂರಿನ ಅವ್ವ. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು. ನಾನು ಮುದ್ದೆ ಅಗಿದರೆ ಸಾಕು, "ಮಿಂಗವೇ, ಮಿಂಗು!" ನುಂಗೇ, ನುಂಗು ಎಂದು ತೊಡೆ ಚಿವುಟುತ್ತಿದ್ದಳು.

ಅಮೀಬಾಕ್ಕೆ ಬಾಯಿಯಿಲ್ಲ, ಗಂಟಲಿಲ್ಲ. ತುತ್ತನ್ನು ಮೈಯಿಂದಲೇ ತಬ್ಬಿ ಒಳಗೆಳೆದುಕೊಳ್ಳುತ್ತದೆ. ತಬ್ಬಿದ ಮೈಯ ಚೂರೇ ತುತ್ತಿನ ಸುತ್ತ ಚೀಲವಾಗುತ್ತದೆ. ಆಮೇಲಿನದೆಲ್ಲ ಪ್ರೋಟೀನುಗಳ ಕಾರುಬಾರು. ಚೀಲದ ಮೇಲೆ ಕೂತು ದಾರಿ ತೋರಿಸುತ್ತವೆ: ಇದು ಅರಗುವ ಕಡೆಗೆ, ಇದು ಮತ್ತೆ ಮೈಯ ಅಂಚಿಗೆ, ಅರಗದ್ದು ಹೊರಕ್ಕೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಾಯಕನಹಟ್ಟಿ, ಪರಶುರಾಂಪುರ ಎಂದು ಕೂಗಿ ಹತ್ತಿಸುವ ಕಂಡಕ್ಟರುಗಳ ಹಾಗೆ, ಆದರೆ ಗದ್ದಲವಿಲ್ಲದೆ.

ಹೋದ ವರ್ಷ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ನುಂಗುವುದೂ ಹೋಯಿತು. ಮೂಗಿನ ಪೈಪಿನಲ್ಲೇ ಗಂಜಿ ಬಿಡಿ, ಬಾಯಿಗೆ ಏನೂ ಕೊಡಬೇಡಿ ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ಆದರೆ ಮುದ್ದೆ ಹೊಟ್ಟೆಗಿಳಿಯದೆ ಮನುಷ್ಯರು ಎದ್ದು ಕೂರುವುದು ಹೇಗೆ ಎಂದು ನನ್ನೊಳಗಿನ ಮೊಳಕಾಲ್ಮೂರಿನ ಹುಡುಗಿ ಒಪ್ಪಲಿಲ್ಲ. ಒಂದು ಮಧ್ಯಾಹ್ನ ನನ್ನ ತಟ್ಟೆಯಿಂದ ಹುಣಿಸೆಬೀಜದಷ್ಟು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, "ಒಂದೇ ಒಂದು, ಅವ್ವ" ಎಂದು ಅವಳ ನಾಲಿಗೆಯ ಮೇಲಿಟ್ಟೆ. ಅದು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯಿತು. ಅವಳು ಕೆಮ್ಮಿ ಕೆಮ್ಮಿ ನೀಲಿಯಾದಳು. ಇಷ್ಟು ವರ್ಷ ಪ್ರೋಟೀನುಗಳ ಪಾಠ ಹೇಳಿದವಳು ಮಾಡಿದ ಕೆಲಸ ಇದು.

ಉಸಿರು ಹತೋಟಿಗೆ ಬಂದ ಮೇಲೆ ಅವಳು ಅಳುತ್ತಿದ್ದ ನನ್ನನ್ನು ನೋಡಿದಳು. ಎಡಗೈಯಿಂದ ಅದೇ ತಟ್ಟೆಯ ಮುದ್ದೆ ಮುರಿದು ನನ್ನ ಬಾಯಿಗೆ ಹಿಡಿದಳು. "ನೀನಿನ್ನೂ ಉಂಡಿಲ್ಲ. ಮಿಂಗವೇ," ಎಂದಳು ತೊದಲುತ್ತ. ನುಂಗಿದೆ.

ಎದೆಗೆ ಸೋಂಕಾಗಿ ಎಂಟನೆಯ ದಿನ ಅವ್ವ ಹೋದಳು. ಹೇಗೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ.

ಈ ವರ್ಷ ನೆಂಟಸ್ತನದ ಮಾತು ಬಿಟ್ಟು ನೇರ ಪಾಠಕ್ಕೆ ಇಳಿದೆ. ಉಳ್ಳಾರ್ತಿ ಕಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಆ ದಾರಿ ತೋರ್ಸೋ ಪ್ರೋಟೀನೇ ಇಲ್ದಿದ್ರೆ ಅಮೀಬಾ ಏನಾಗ್ತೈತೆ?"

"ಬದುಕ್ತೈತಮ್ಮ. ನುಂಗಿದ್ದು ಸರ್ಯಾಗಿ ಅರಗಲ್ಲ, ಹೊರಗೂ ಹೋಗಲ್ಲ. ಒಳಗೇ ಇಟ್ಕೊಂಡು ಓಡಾಡ್ತೈತೆ," ಎಂದೆ.

ಅವಳು ಅದನ್ನು ಹಾಗೇ ನೋಟ್ಸಿನಲ್ಲಿ ಬರೆದುಕೊಂಡಳು.